ಹರಿದಲ್ಲಿ ಕಂಡ ಸೀರೆ

ಮೂರು ವರ್ಷ ಆ ಕೌದಿಯನ್ನು ನಾನು ಒಗೆಯಲಿಲ್ಲ. ಹೊದೆಯಲೂ ಇಲ್ಲ.

ಅವ್ವನ ಕಾರ್ಯ ಮುಗಿಸಿ ಬೆಂಗಳೂರಿಗೆ ಹೊರಟ ದಿನ ಅಣ್ಣ, ‘ಅವ್ವಂದು ಏನರೆ ಒಯ್ಯೋದಿದ್ರ ಒಯ್ಯಿ’ ಅಂದ. ಟ್ರಂಕಿನಲ್ಲಿ ಬೆಳ್ಳಿಯ ಕಡಗವಿತ್ತು, ಮಾಡದಲ್ಲಿ ಎಲೆಅಡಿಕೆಯ ಚಂಚಿ ಇತ್ತು, ಗೋಡೆಯ ಮೇಲೆ ಒಂದೇ ಒಂದು ಫೋಟೊ ಇತ್ತು. ಕೊರಳಲ್ಲಿದ್ದ ಲಿಂಗ ಅವಳ ಅಂಗೈಯಲ್ಲೇ ಅವಳ ಜೊತೆ ಮಣ್ಣಿಗೆ ಹೋಗಿತ್ತು. ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ, ಕೊನೆಗೆ ಹೊರಸಿನ ಮೇಲೆ ಮಡಿಚಿಟ್ಟಿದ್ದ ಕೌದಿ ಎತ್ತಿಕೊಂಡೆ. ಸತ್ತವರ ಹಾಸಿಗೆ-ಹೊದಿಕೆ ಮನೆಯೊಳಗೆ ಇಟ್ಟುಕೊಳ್ಳಬಾರದು, ಯಾರಿಗಾದರೂ ಕೊಟ್ಟುಬಿಡಬೇಕು ಎಂದು ಓಣಿಯ ಹಿರಿಯರೊಬ್ಬರು ಎಚ್ಚರಿಸಿದರು. ನಾನು ಹ್ಞೂಂಗುಟ್ಟಿ ಬಸ್ ಹತ್ತಿದೆ. ಡಿಕ್ಕಿಗೆ ಹಾಕಲು ಮನಸ್ಸಾಗಲಿಲ್ಲ. ಹುನಗುಂದದಿಂದ ಬೆಂಗಳೂರಿನವರೆಗೂ ಅದು ನನ್ನ ತೊಡೆಯ ಮೇಲೇ ಇತ್ತು.

ಅದರಲ್ಲಿ ಅವ್ವ ಇದ್ದಳು. ವಿಭೂತಿ, ಎಲೆಅಡಿಕೆ, ಒಲೆಯ ಹೊಗೆ, ಕೊಬ್ಬರಿ ಎಣ್ಣೆ, ಮತ್ತೆ ಇವ್ಯಾವುದೂ ಅಲ್ಲದ, ಹೆಸರಿಲ್ಲದ ಇನ್ನೊಂದು ವಾಸನೆ. ಆ ಹೆಸರಿಲ್ಲದ್ದು ಹಾರಿಹೋಗಬಾರದೆಂದು ಕೌದಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲಿನ ಖಾನೆಯಲ್ಲಿಟ್ಟೆ. ತಿಂಗಳಿಗೊಮ್ಮೆ, ಮನೆಯಲ್ಲಿ ಯಾರೂ ಇಲ್ಲದಾಗ, ಚೀಲದ ಬಾಯಿ ಸ್ವಲ್ಪವೇ ಬಿಚ್ಚಿ ಮೂಗೊಡ್ಡಿ ಮತ್ತೆ ಬಿಗಿಯುತ್ತಿದ್ದೆ. ಜಿಪುಣ ದುಡ್ಡು ಎಣಿಸುತ್ತಾನಲ್ಲ, ಹಾಗೆ.

ಮೂರನೇ ಮಳೆಗಾಲದಲ್ಲಿ ಕಪಾಟಿನಲ್ಲಿ ಹುಳು ಕಾಣಿಸಿದವು. ಗಾಬರಿಯಾಗಿ ಚೀಲದೊಳಗೆ ನಾಲ್ಕು ನುಸಿಗುಳಿಗೆ ಹಾಕಿದೆ. ಮುಂದಿನ ತಿಂಗಳು ಬಿಚ್ಚಿದರೆ ಅವ್ವ ಇರಲಿಲ್ಲ. ಬರೀ ಗುಳಿಗೆ ಇತ್ತು.

ಅರಿವಿಯ ಲೆಕ್ಕ

ಉತ್ತರ ಕರ್ನಾಟಕದ ಮನೆಯಲ್ಲಿ ಹುಟ್ಟಿದವರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಇಷ್ಟು: ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಉದ್ದ ಸೂಜಿಯಿಂದ ಅಂಚಿನಿಂದ ಅಂಚಿಗೆ ಸಾಲು ಸಾಲಾಗಿ ಹೊಲಿದ ಹೊದಿಕೆ. ಮಳೆ-ಚಳಿಗೆ ಹೊದಿಕೆ, ಬಂದವರಿಗೆ ಹಾಸಿಗೆ, ಬಾಣಂತಿಗೆ ಮೆತ್ತೆ, ತೊಟ್ಟಿಲ ಕೂಸಿಗೆ ತಳ. ಮಹಾರಾಷ್ಟ್ರದವರು ಇದನ್ನೇ ಗೋಧಡಿ ಎನ್ನುತ್ತಾರೆ, ಬಂಗಾಳದವರು ಕಾಂಥಾ ಎನ್ನುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕವದಿಯದು ಬೇರೆಯೇ ಚೆಲುವು. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ; ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಆ ಹೂವಿಲ್ಲದೆ ಅವರ ಕವದಿ ಪೂರ್ತಿಯಾಗದು.

ನಮ್ಮ ಕಡೆ ಬಟ್ಟೆಗೆ ಅರಿವಿ ಅನ್ನುತ್ತೇವೆ. ಅವ್ವ ಯಾವ ಅರಿವಿಯನ್ನೂ ಎಸೆದವಳಲ್ಲ. ಇಳಕಲ್ ಸೀರೆ ಮೊದಲು ಮದುವೆ-ಮುಂಜಿಗೆ, ಆಮೇಲೆ ಸಂತೆಗೆ, ಆಮೇಲೆ ಹೊಲಕ್ಕೆ. ಹೊಲದ ಕೆಲಸದಲ್ಲಿ ಪಿಸಿಯತೊಡಗಿದ ಮೇಲೆ ತೊಟ್ಟಿಲು ಕಟ್ಟಲಿಕ್ಕೆ, ಸೋಸಲಿಕ್ಕೆ. ಅದೂ ಆದ ಮೇಲೆ ಕೌದಿಗೆ. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಅರಿವಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಕಾಲು ಚಾಚಿ ಕೂರುತ್ತಿದ್ದಳು. ನಡುನಡುವೆ ಗುಳೇದಗುಡ್ಡದ ಖಣದ ಚೂರುಗಳು ಬೀಳುತ್ತಿದ್ದವು; ಕುಬಸದ ತೋಳು ಹರಿದರೂ ಬೆನ್ನಿನ ಖಣ ಗಟ್ಟಿಯಾಗೇ ಇರುತ್ತಿತ್ತು. ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟು ಉದ್ದ. ಗೊಂದಳಿಗರ ಹೆಂಗಸರು ಕೂಲಿಗೆ ಕೌದಿ ಹೊಲಿಯಲು ಊರಿಗೆ ಬರುತ್ತಿದ್ದರು, ಅವರ ಕೈ ಅವ್ವನಿಗಿಂತ ಚುರುಕು. ಆದರೂ ಇದೊಂದನ್ನು ಅವಳು ಯಾರಿಗೂ ಕೊಡಲಿಲ್ಲ. ಎರಡು ಬೇಸಿಗೆ ಹಿಡಿಯಿತು.

ಇಳಕಲ್ ಸೀರೆಯ ನೇಯ್ಗೆಯ ಗುಟ್ಟೊಂದನ್ನು ಇಲ್ಲಿ ಹೇಳಬೇಕು. ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಒಡಲು ಹೆಚ್ಚಾಗಿ ಹತ್ತಿ, ಸೆರಗು ಕೆಂಪು ರೇಷ್ಮೆ. ಎರಡೂ ಸೇರುವ ಕಡೆ ಒಂದೊಂದೇ ಎಳೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ನೇಕಾರರು ಅದಕ್ಕೆ ಕೊಂಡಿ ಅನ್ನುತ್ತಾರೆ. ಒಂದು ಸೀರೆಗೆ ಇಂಥ ಸಾವಿರಾರು ಕೊಂಡಿ. ಸೀರೆ ಉಟ್ಟವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬೆರಳಿಗೆ ಮಾತ್ರ ಸಣ್ಣ ಗೆರೆಯ ಹಾಗೆ ಸಿಗುತ್ತದೆ. ನನಗದು ಗೊತ್ತಾಗಿದ್ದೂ ಆ ಕೌದಿಯಿಂದಲೇ, ಅವ್ವ ಹೋದ ಮೇಲೆ.

ಮೂಗಿನ ದಾರಿ

ನುಸಿಗುಳಿಗೆಯ ಪೆಟ್ಟು ತಿಂದ ಮೇಲೆ, ಒಂದು ವಾಸನೆಗಾಗಿ ಇಷ್ಟು ಒದ್ದಾಡಿದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಓದುತ್ತಾ ಹೋದಂತೆ ಆ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನ ಥಲಾಮಸ್ ಎಂಬ ಠಾಣೆಯಲ್ಲಿ ಇಳಿದು ಮುಂದಕ್ಕೆ ಹೋಗುತ್ತದೆ. ವಾಸನೆಗೆ ಆ ತಪಾಸಣೆಯಿಲ್ಲ. ಭಾವನೆಯ ಉಸ್ತುವಾರಿ ಹೊತ್ತ ಅಮಿಗ್ಡಲ, ನೆನಪು ಕಟ್ಟುವ ಹಿಪೊಕ್ಯಾಂಪಸ್ ಇವುಗಳಿಗೆ ಮೂಗಿನಿಂದ ಒಳದಾರಿಯೇ ಇದೆ. ಫೋಟೊ ನೋಡಿ ‘ಇದು ಅವ್ವ’ ಅಂದುಕೊಳ್ಳುತ್ತೇವೆ, ಆಮೇಲೆ ಕಣ್ಣು ತುಂಬುತ್ತದೆ. ವಾಸನೆಯಲ್ಲಿ ಕಣ್ಣು ಮೊದಲು ತುಂಬುತ್ತದೆ, ಯಾಕೆಂದು ಆಮೇಲೆ ತಿಳಿಯುತ್ತದೆ.

2018ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 96 ಜೋಡಿಗಳನ್ನು ಸೇರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡಸರು ಇಡೀ ದಿನ ತೊಟ್ಟಿದ್ದ ಟೀ ಶರ್ಟನ್ನು ಹೆಂಗಸರಿಗೆ ಮೂಸಲು ಕೊಟ್ಟರು. ಕೆಲವರಿಗೆ ತಮ್ಮವನದೇ ಅಂಗಿ, ಕೆಲವರಿಗೆ ಅಪರಿಚಿತನದು, ಇನ್ನು ಕೆಲವರಿಗೆ ಯಾರೂ ತೊಡದ ಅಂಗಿ. ಆಮೇಲೆ ಅವರನ್ನು ಸಂದರ್ಶನ, ಬಾಯಿಲೆಕ್ಕದಂಥ ಇಕ್ಕಟ್ಟಿಗೆ ಸಿಲುಕಿಸಿ ನೋಡಿದರು. ತಮ್ಮವನ ಅಂಗಿ ಮೂಸಿದವರಿಗೆ ಒತ್ತಡ ಕಡಿಮೆ ಅನ್ನಿಸಿತ್ತು. ಅಪರಿಚಿತನ ಅಂಗಿ ಮೂಸಿದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು. ಊರಿಗೆ ಹೋದ ಗಂಡನ ಅಂಗಿಯನ್ನು ದಿಂಬಿನ ಮೇಲೆ ಹಾಸಿ ಮಲಗುವ ಹೆಂಡತಿಗೆ, ಅವ್ವನ ಸೆರಗು ಹಿಡಿದೇ ನಿದ್ದೆ ಹೋಗುವ ಕೂಸಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಕೂಸಿನ ವಿಷಯವನ್ನು ಗಂಭೀರವಾಗಿ ಹಿಡಿದವರು ಲಂಡನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್. ಮಕ್ಕಳು ಬಿಟ್ಟಿರಲಾರದ ಹಳೆಯ ಕಂಬಳಿತುಂಡು, ಬಟ್ಟೆಯ ಗೊಂಬೆಗಳ ಬಗ್ಗೆ 1951ರಲ್ಲಿ ಅವರು ಮಂಡಿಸಿದ ಪ್ರಬಂಧ ಇಂದಿಗೂ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರು. ಅದರಲ್ಲಿ ಒಂದು ಸಣ್ಣ ಮಾತು ಬರುತ್ತದೆ: ಆ ಬಟ್ಟೆ ಎಷ್ಟೇ ಕೊಳೆಯಾಗಿ ನಾರುತ್ತಿದ್ದರೂ ತಾಯಿ ಅದನ್ನು ಒಗೆಯದೆ ಬಿಡುತ್ತಾಳೆ, ಒಗೆದರೆ ಮಗುವಿನ ಲೋಕದಲ್ಲಿ ಒಂದು ಎಳೆ ಕಡಿದುಹೋಗುತ್ತದೆಂದು ಅವಳಿಗೆ ಗೊತ್ತು. ನಲವತ್ತೇಳರ ನಾನು ಇದನ್ನು ಓದಿ, ನನ್ನ ವಕಾಲತ್ತು ಯಾರೋ ವಹಿಸಿದರೆಂದು ಹಿಗ್ಗಿದೆ.

ಆದರೆ ವಾಸನೆಗೆ ಇನ್ನೊಂದು ನಿಯಮವಿದೆ. ವಾಸನೆ ಬರುತ್ತಿದೆ ಎಂದರೆ ಆ ವಸ್ತುವಿನಿಂದ ಏನೋ ಎದ್ದು ಹಾರಿಹೋಗುತ್ತಿದೆ ಎಂದೇ ಅರ್ಥ. ತಿಂಗಳಿಗೊಮ್ಮೆ ಚೀಲ ಬಿಚ್ಚಿದಾಗೆಲ್ಲ ಅವ್ವನನ್ನು ನಾನೇ ಚೂರುಚೂರಾಗಿ ಖರ್ಚು ಮಾಡಿದ್ದೆ. ಗುಳಿಗೆ ಬರೀ ನೆಪ.

ಚಿಗವ್ವನ ತೀರ್ಪು

ಆ ವರ್ಷ ಡಿಸೆಂಬರಿನಲ್ಲಿ ಅವ್ವನ ತಂಗಿ, ನಮ್ಮ ಚಿಗವ್ವ, ಕಣ್ಣಿನ ಪೊರೆ ತೆಗೆಸಲು ನಮ್ಮ ಮನೆಗೆ ಬಂದಳು. ಒಂದು ಕಣ್ಣಿಗೆ ಪಟ್ಟಿ. ಮೊದಲ ರಾತ್ರಿಯೇ, ಅಂಗಡಿಯಿಂದ ತಂದ ಮೆತ್ತನೆಯ ರಗ್ಗನ್ನು ಕಾಲಿನಿಂದ ಆಚೆ ತಳ್ಳಿ ಕೇಳಿದಳು.

‘ಅಕ್ಕನ ಕೌದಿ ನೀನ ತಂದೀಯಂತಲ್ಲ, ಎಲ್ಲೈತೋ? ತಾ, ಥಂಡಿ ಭಾಳ ಐತಿ.’

ನಾನು ತಡವರಿಸಿದೆ. ಹೆಂಡತಿ ಸೀದಾ ಹೋಗಿ ಚೀಲ ತಂದು ಕೊಟ್ಟೇಬಿಟ್ಟಳು. ಚಿಗವ್ವ ಬಿಚ್ಚಿದಳು, ಮೂಗು ಮುಚ್ಚಿದಳು.

‘ಇದನ್ನೇನ ಸಂಡಾಸದಾಗ ಇಟ್ಟಿದ್ದೇನೋ?’

ವಾಸನೆ ಕಾಪಾಡಲು ಕಟ್ಟಿಟ್ಟ ಕಥೆಯನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. ‘ಹೊಚಗೊಳ್ಳಾಕ ಮಾಡಿದ್ದು ತಮ್ಮಾ ಇದು. ಕಟ್ಟಿಟ್ಟ ಅರಿವಿ ಲಗೂನ ಪಿಸೀತೈತಿ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅಕ್ಕ ಇದ್ದಿದ್ರ ಇಷ್ಟೊತ್ತಿಗೆ ಮೂರು ಸಲ ಒಗೀತಿದ್ಲು’ ಅಂದಳು.

ಅದಂತೂ ನಿಜ. ನಮ್ಮ ಊರಲ್ಲಿ ಮಹಾನವಮಿಗೆ ಮೊದಲು ಮನೆಯ ಹಾಸಿಗೆ-ಹೊದಿಕೆಯೆಲ್ಲ ಬಂಡಿಯಲ್ಲಿ ಹಳ್ಳಕ್ಕೆ ಹೋಗುತ್ತಿದ್ದವು. ಬಂಡೆಗಳ ಮೇಲೆಲ್ಲ ಕೌದಿ ಹಾಸಿ ಬೀಳುತ್ತಿದ್ದವು, ದೂರದಿಂದ ನೋಡಿದರೆ ಹಳ್ಳಕ್ಕೇ ಹಬ್ಬದ ಸೀರೆ ಉಡಿಸಿದಂತೆ. ಅವ್ವನ ನೆನಪಿಗೆ ನಾನು ಹಾಕಿದ ಕಾವಲು ಅವ್ವನಿಗೇ ಸೇರುವಂಥದ್ದಾಗಿರಲಿಲ್ಲ.

ಭಾನುವಾರ ತಾರಸಿಯ ಮೇಲೆ ದೊಡ್ಡ ಟಬ್ಬಿನಲ್ಲಿ ಅಂಟವಾಳಕಾಯಿಯ ನೊರೆ ಮಾಡಿ ಕೌದಿ ನೆನೆಸಿದೆವು. ವಾಷಿಂಗ್ ಮಷೀನಿಗೆ ಹಾಕುವ ಮಾತೆತ್ತಿದ್ದಕ್ಕೆ ಚಿಗವ್ವ ಪಟ್ಟಿಯಿಲ್ಲದ ಕಣ್ಣಿನಿಂದಲೇ ಗದರಿದ್ದಳು. ಅವಳು ಕುರ್ಚಿಯಲ್ಲಿ ಕೂತು ಹುಕುಂ ಕೊಡುವುದು, ನಾನೂ ಮಗಳೂ ಟಬ್ಬಿನಲ್ಲಿ ನಿಂತು ತುಳಿಯುವುದು. ಮೊದಲ ನೀರು ಚಹಾದ ಬಣ್ಣಕ್ಕೆ ತಿರುಗಿತು. ಎರಡನೆಯದು ನಸುಗೆಂಪು, ಯಾವುದೋ ಸೆರಗು ಇನ್ನೂ ಬಣ್ಣ ಬಿಡುತ್ತಿತ್ತು. ನೀರು ಕುಡಿದ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಅಪ್ಪ-ಮಗಳು ಒಂದೊಂದು ತುದಿ ಹಿಡಿದು, ನಾನು ಬಲಕ್ಕೆ ಅವಳು ಎಡಕ್ಕೆ ತಿರುವಿ ಹಿಂಡಿದೆವು. ಮೂರನೆಯ ಹಿಂಡಿಗೆ ‘ಚರ್’ ಎಂದು ಸದ್ದಾಯಿತು.

ಮಗಳ ಮುಖ ಬಾಡಿತು. ನನ್ನ ಮುಖವನ್ನು ಕಂಡವರು ಅವರಿಬ್ಬರೇ.

ಒಳಗಿನವರು

ತಾರಸಿಯ ಗೋಡೆಯ ಮೇಲೆ ಹಾಸಿದಾಗ ಹರಿದದ್ದು ಸರಿಯಾಗಿ ಕಂಡಿತು. ಒಂದು ಗೇಣು ಉದ್ದ. ಮೇಲಿನ ಮಾಸಿದ ನೀಲಿ ಬಾಯಿಬಿಟ್ಟಿತ್ತು. ಒಳಗಿನಿಂದ ಕಪ್ಪು ಒಡಲಿನ, ಕೆಂಪು ದಡಿಯ ಒಂದು ಸೀರೆ ಹೊಚ್ಚಹೊಸದರಂತೆ ಇಣುಕುತ್ತಿತ್ತು. ಅಷ್ಟು ವರ್ಷ ಬಿಸಿಲು ಕಾಣದೆ ಒಳಗಿದ್ದ ಬಣ್ಣ ಸ್ವಲ್ಪವೂ ಕುಂದಿರಲಿಲ್ಲ.

ಚಿಗವ್ವ ಎದ್ದು ಬಂದಳು. ಬಗ್ಗಿ ನೋಡಲಿಲ್ಲ, ಹರಿದ ಬಾಯಿಯೊಳಗೆ ಎರಡು ಬೆರಳು ತೂರಿಸಿ ದಡಿಯನ್ನು ಸವರಿದಳು. ಸುಮ್ಮನೆ ನಿಂತಳು.

‘ಇದು ನಮ್ಮವ್ವಂದು’ ಅಂದಳು.

ಅವರವ್ವ, ಅಂದರೆ ನನ್ನ ಆಯಿ. ನಾನು ಹುಟ್ಟುವ ಮೊದಲೇ ಹೋದವಳು. ಅವಳದೊಂದು ಫೋಟೊ ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಆಯಿ ಎಂದರೆ ಬರೀ ಒಂದು ಮಾತಾಗಿತ್ತು. ಆ ಬೆಳಿಗ್ಗೆ ಅವಳಿಗೆ ಒಂದು ಬಣ್ಣ ಬಂತು, ಒಂದು ದಡಿ ಬಂತು. ಹತ್ತಿ ಚಲೋ ಮಾರಿದ ವರ್ಷ ಮುತ್ಯಾ ಇಳಕಲ್ಲಿನಿಂದ ಹೆಗಲ ಮೇಲೆ ಹಾಕಿಕೊಂಡು ತಂದದ್ದಂತೆ. ಆಯಿ ಎರಡು ದಿನ ಅದನ್ನು ಉಡದೆ ಬರೀ ಮುಟ್ಟುತ್ತಲೇ ಇದ್ದಳಂತೆ. ಆ ಸೀರೆಯ ಕೆಳಗೆ ಇನ್ನೊಂದು ಪದರ, ಬಿಳಿ. ‘ನಿಮ್ಮಪ್ಪನ ಧೋತರ’ ಎಂದು ಚಿಗವ್ವ ಅದನ್ನು ಬಹಳ ಮಾತಿಲ್ಲದೆ ದಾಟಿಸಿದಳು. ಅಪ್ಪ-ಅವ್ವನ ನಡುವೆ ಮಾತು ಕಡಿಮೆಯೇ ಇತ್ತು. ಆದರೂ ಅವನ ಧೋತರವನ್ನು ಅವಳು ತನ್ನ ತಾಯಿಯ ಸೀರೆಗೆ ತಾಗಿಸಿ ಹೊಲಿದಿದ್ದಳು.

ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಇಂಥದೇ ಒಂದು ಗಳಿಗೆಯಿದೆ. ಉಂಗುರ ಕಂಡ ಸೀತೆಗೆ ಗಂಡನೇ ಬಂದಷ್ಟು ಸಂತೋಷವಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಮರಳುವಾಗ ಹನುಮಂತ ಅವಳ ಚೂಡಾಮಣಿ ತರುತ್ತಾನೆ. ರಾಮ ಅದನ್ನು ಎದೆಗೊತ್ತಿಕೊಂಡು ಅಳುತ್ತಾನೆ. ಅಳುತ್ತಾ ಅವನು ಆಡುವ ಮಾತು ಸೀತೆಯ ಬಳಿಗೇ ನಿಲ್ಲುವುದಿಲ್ಲ. ಮದುವೆಯಲ್ಲಿ ಜನಕ ಕೊಟ್ಟ ಮಣಿ ಇದು, ಇದನ್ನು ಕಂಡು ತನಗೆ ತಂದೆಯನ್ನೂ ಮಾವನನ್ನೂ ಕಂಡಂತಾಯಿತು ಅನ್ನುತ್ತಾನೆ. ಒಬ್ಬಳ ಗುರುತಾಗಿ ಬಂದ ಮಣಿ ಮೂವರನ್ನು ಕರೆತಂದಿತು. ನಾನು ಕಟ್ಟಿಟ್ಟದ್ದು ಅವ್ವನೊಬ್ಬಳನ್ನು. ಹರಿದಾಗ ಹೊರಬಂದವರು ಒಂದು ಮನೆತನ.

ಕೀ ಕೊಡುವ ಕೆಲಸ

ಸತ್ತವರಿಂದ ಮನಸ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಎಂದು ಫ್ರಾಯ್ಡ್ 1917ರ ಪ್ರಬಂಧದಲ್ಲಿ ಬರೆದರು. ನಮ್ಮ ಓಣಿಯ ಹಿರಿಯರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಮೂವರು ಸಂಪಾದಿಸಿದ ಪುಸ್ತಕವೊಂದು ಬೇರೆ ದಾರಿ ತೋರಿತು: ಬಿಡಿಸಿಕೊಳ್ಳಲೇಬೇಕೆಂದೇನಿಲ್ಲ, ಹೋದವರೊಂದಿಗಿನ ನಂಟು ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ. ಎರಡರಲ್ಲಿ ಯಾವುದು ಸರಿ ಎಂದು ತೂಗುವಷ್ಟು ನಾನು ದೊಡ್ಡವನಲ್ಲ. ನನಗೆ ಹೊಳೆದದ್ದು ಇಷ್ಟೇ: ನಂಟಿಗೆ ದಿನನಿತ್ಯದ ಕೆಲಸ ಬೇಕು.

ತುಮಕೂರಿನ ಗೆಳೆಯನೊಬ್ಬನ ಕೈಯಲ್ಲಿ ಅವನ ತಂದೆಯ ಎಚ್‌ಎಂಟಿ ಜನತಾ ವಾಚಿದೆ. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚು ಕಾರ್ಖಾನೆಯ ತಲೆಮಾರು ಅದು. ನೌಕರಿ ಸಿಕ್ಕಾಗ, ಮದುವೆಯಾದಾಗ, ನಿವೃತ್ತರಾದಾಗ ನಮ್ಮ ರಾಜ್ಯದ ಗಂಡಸರ ಮಣಿಕಟ್ಟಿಗೆ ಹತ್ತಿದ ಗಡಿಯಾರ. 2016ರಲ್ಲಿ ಕೇಂದ್ರ ಸರ್ಕಾರ ಆ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜನತಾಗೆ ಬ್ಯಾಟರಿಯಿಲ್ಲ, ಒಳಗೆ ಸುರುಳಿ ಸ್ಪ್ರಿಂಗು, ದಿನಕ್ಕೊಮ್ಮೆ ಕೀ ಕೊಡಬೇಕು. ಗೆಳೆಯ ಬೆಳಿಗ್ಗೆ ಕಾಫಿಗೆ ಮೊದಲು ಅದರ ತಲೆ ತಿರುಗಿಸುತ್ತಾನೆ. ‘ಮರೆತ್ರೆ ಅಪ್ಪ ನಿಂತ್ಬಿಡ್ತಾರೆ ಕಣೋ’ ಅನ್ನುತ್ತಾನೆ. ಅವನ ತಂದೆಯೂ ಇದೇ ಹೊತ್ತಿಗೆ, ಇದೇ ಎರಡು ಬೆರಳಲ್ಲಿ ಕೀ ಕೊಡುತ್ತಿದ್ದರು. ವಾಚಿಗಿಂತ ಆ ಬೆರಳಿನ ತಿರುವೇ ಅವನಿಗೆ ಬಂದ ಆಸ್ತಿ.

ನನ್ನ ಫೋನಿನಲ್ಲಿ ಅವ್ವನ ಧ್ವನಿಯೂ ಇದೆ. ‘ಉಂಡಿ ಏನೋ?’ ಎಂಬ ಆರು ಸೆಕೆಂಡು. ಅದಕ್ಕೆ ಧೂಳು ಹತ್ತದು, ಅದು ಹರಿಯದು, ಎಷ್ಟು ಸಲ ಕೇಳಿದರೂ ಸವೆಯದು. ನಾನೇನೂ ಮಾಡಬೇಕಿಲ್ಲ. ಅದಕ್ಕೇ ಇರಬೇಕು, ಅದನ್ನು ಕೇಳಿದಾಗ ಅವ್ವ ಇಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ.

ಶರಣರ ಮಾತುಕತೆಯಲ್ಲಿ ಅರಿವು-ಕುರುಹು ಎಂಬ ಜೋಡಿ ಮತ್ತೆ ಮತ್ತೆ ಬರುತ್ತದೆ. ಕುರುಹು ಹಿಡಿದು ಅರಿವಿನ ಕಡೆ ನಡೆಯಬೇಕು. ಕುರುಹಿಗೇ ಜೋತುಬಿದ್ದರೆ ಅರಿವು ತಪ್ಪುತ್ತದೆ. ಕೂಡಲಸಂಗಮಕ್ಕೆ ಹತ್ತಿರದ ಊರಲ್ಲಿ ಹುಟ್ಟಿ, ದಿನಾ ಅಂಗೈಯಲ್ಲಿ ಲಿಂಗ ಹಿಡಿದ ಅವ್ವನನ್ನು ನೋಡಿ ಬೆಳೆದೂ, ಅವಳ ಅರಿವಿಯನ್ನು ಗಂಟು ಕಟ್ಟಿ ಕಪಾಟಿನಲ್ಲಿಟ್ಟ ಮಗ ನಾನು.

ಬೆರಳುದ್ದ ದಾರ

‘ನಿನ್ನ ಹಳೀ ಅಂಗಿ ಯಾವುದರೆ ತಾ. ಹತ್ತೀದಿರಲಿ. ಟೆರಿಕಾಟ ಬ್ಯಾಡ, ಸೂಜಿ ಹೋಗಂಗಿಲ್ಲ.’

ಅಂಗಿ ತಂದೆ. ಕತ್ತರಿಸುವಾಗ ಕೈ ತಡೆಯಿತು. ತೇಪೆ ಹಚ್ಚಿದರೆ ಆಯಿಯ ಸೀರೆ ಮತ್ತೆ ಮುಚ್ಚಿಹೋಗುತ್ತದೆ, ಕಂಡದ್ದೇ ಈಗ. ಅಷ್ಟು ಜಾಗ ಹಾಗೇ ಬಿಟ್ಟು ಸುತ್ತ ಹೊಲಿದರಾಗದೇ ಎಂದು ಕೇಳಿದೆ.

ಚಿಗವ್ವ ಸೂಜಿಗೆ ದಾರ ಪೋಣಿಸಲು ಮೊಮ್ಮಗಳ ಕೈಗೆ ಕೊಟ್ಟಳು. ‘ಮ್ಯಾಲಿದ್ರ ಹರೀತಾಳೋ ತಮ್ಮಾ. ಒಳಗಿದ್ರ ಬೆಚ್ಚಗಿಡ್ತಾಳ’ ಅಂದಳು.

ನಾನು ಸೂಜಿ ಹಿಡಿದವನೇ ಅಲ್ಲ. ಅವ್ವನ ಹೊಲಿಗೆಯ ಸಾಲು ನೇಗಿಲ ಸಾಲಿನ ಹಾಗೆ ಬಂದು ಹರಿದ ಕಡೆ ನಿಂತಿತ್ತು. ನನ್ನದು ಅಲ್ಲಿಂದ ಕುಡಿದವನ ಹಾಗೆ ಹೊರಟಿತು. ಅವಳ ಒಂದು ಸಾಲು ಎಲ್ಲಿ ಮುಗಿದಿದೆ ಎಂದು ಹುಡುಕುವಾಗ ಒಂದು ವಿಷಯ ಗಮನಕ್ಕೆ ಬಂತು. ಎಲ್ಲೂ ಗಂಟಿಲ್ಲ. ಕೊನೆಯ ಎರಡು ಹೊಲಿಗೆಯನ್ನು ಹಿಂದಕ್ಕೆ ಹಾಕಿ, ಬೆರಳುದ್ದ ದಾರ ಬಿಟ್ಟು ಕಡಿದಿದ್ದಳು. ಎಲ್ಲ ಸಾಲಿನ ತುದಿಯಲ್ಲೂ ಹಾಗೆಯೇ. ಇದ್ಯಾಕೆ, ದಾರ ಹಾಳಲ್ಲವೇ ಅಂದೆ.

‘ಗಂಟು ಹಾಕಿ ಕಡಿದ್ರ ಮುಂದ ಹೊಲಿಯಾವ್ರು ಎಲ್ಲಿಂದ ಹಿಡೀಬೇಕು?’

ಈಗ ಆ ಕೌದಿ ಮಗಳ ಮಂಚದ ಮೇಲಿರುತ್ತದೆ. ಅದಕ್ಕೆ ಅವಳ ಶಾಂಪೂವಿನ ವಾಸನೆ ಹತ್ತಿದೆ, ಚಳಿಗಾಲದಲ್ಲಿ ವಿಕ್ಸ್, ಒಂದು ಸಲ ಚೆಲ್ಲಿದ ಸಾರಿನದು. ಒಗೆದರೆ ಹೋಗುತ್ತದೆ, ಮತ್ತೆ ಹತ್ತುತ್ತದೆ. ಕಳೆದ ಮಹಾನವಮಿಗೆ ಮುಂಚೆ ತುಳಿದು ಹಿಂಡುವಾಗ ಇನ್ನೊಂದು ಮೂಲೆ ಪಿಸಿಯಿತು. ಸೂಜಿ ಎತ್ತಿಕೊಂಡೆ, ಅವ್ವ ಬಿಟ್ಟ ಎಳೆಯನ್ನು ಹಿಡಿದು ಮುಂದುವರಿಸಿದೆ. ಸಾಲು ಈಗಲೂ ಸೊಟ್ಟ. ಕೊನೆಗೆ ಗಂಟು ಹಾಕಲು ಹೋದ ಕೈ ತಡೆದು, ಬೆರಳುದ್ದ ಬಿಟ್ಟು, ದಾರವನ್ನು ಹಲ್ಲಿನಿಂದ ಕಡಿದೆ.